ವಿಮಾನಕ್ಕೆ ಕಲೆ ಹಚ್ಚುತ್ತಿದ್ದ ಮಾದೇವಕ್ಕ

ಹಗಲೆಲ್ಲ ಮನುಷ್ಯರ ಮುಖದ ಕಲೆ ತೆಗೆಯುವುದು, ಸಂಜೆಯಾದರೆ ವಿಮಾನದ ಮೈಗೆ ಕಲೆ ಹಚ್ಚುವುದು: ಇದು ನಮ್ಮ ಊಟಿ ಬೆಟ್ಟದ ಅರವಂಕಾಡಿನ ಮಾದೇವಕ್ಕನ ದಿನಚರಿ. ಬಜಾರಿನಲ್ಲಿ ಅವಳದೊಂದು ಪುಟ್ಟ ಫೋಟೋ ಸ್ಟುಡಿಯೋ ಇತ್ತು. ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಬಂದವರ ಮೊಡವೆ, ಸಿಡುಬಿನ ಗುರುತು, ಹಿಂದಿನ ದಿನ ಹೆಂಡತಿ ಪರಚಿದ ಗೀರು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸಿ, ಬಂದಿದ್ದಕ್ಕಿಂತ ಸಭ್ಯರನ್ನಾಗಿ ಮಾಡಿ ಕಳಿಸುತ್ತಿದ್ದಳು. ಕೊನೆಯ ಗಿರಾಕಿ ಮೆಟ್ಟಿಲಿಳಿದ ಮೇಲೆ ಅದೇ ಪರದೆಯ ಮೇಲೆ ಒಂದು ವಿಮಾನ ಬಂದು ನಿಲ್ಲುತ್ತಿತ್ತು. ಬಾಗಿಲ ಹಿಡಿಯ ಹತ್ತಿರ ಸವೆದ ಬಣ್ಣ, ಎಂಜಿನ್ನಿನ ಹಿಂದೆ ಹೊಗೆಯ ಮಸಿ, ರೆಕ್ಕೆಯ ಕೆಳಗೆ ಎಣ್ಣೆ ಒಸರಿದ ಗೆರೆ. ಒಂದೊಂದನ್ನೂ ಮಗುವಿಗೆ ದೃಷ್ಟಿಬೊಟ್ಟು ಇಡುವ ಹಾಗೆ ಇಡುತ್ತಿದ್ದಳು.

"ಮನ್ಸರು ಹೊಸದಾಗಿ ಕಾಣ್ಬೇಕು ಅಂತಾರೆ. ವಿಮಾನ ಹಳೇದಾಗಿ ಕಾಣ್ಬೇಕು ಅಂತಾರೆ. ನಂಗೆ ಎರಡ್ ಕಡೆನೂ ಕೆಲ್ಸ ಕಣ್ಲಾ ಗಿಳಿ."

ಗಿಳಿ ಅಂದರೆ ನಾನು. ಹುಟ್ಟಿದಾಗ ಇಟ್ಟ ಹೆಸರು ಮಹೇಶ. ಮದುವೆ ಮಂಟಪಗಳಲ್ಲಿ ಮಿಮಿಕ್ರಿ ಮಾಡಿ ಹೊಟ್ಟೆ ಹೊರೆಯಲು ಶುರುಮಾಡಿದ ಮೇಲೆ ಅಕ್ಕ ನನ್ನನ್ನು ಪಕ್ಷಿಜಾತಿಗೆ ಸೇರಿಸಿದಳು. ನಮ್ಮೆರಡು ಮನೆಯವರೂ ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿದವರು. ನಮ್ಮಪ್ಪನದು ದಿನಸಿ ಅಂಗಡಿ. ಅಕ್ಕನ ಗಂಡ ಸಿದ್ದರಾಜು ಭಾವನಿಗೆ ಊರಿನ ಸರ್ಕಾರಿ ಸಿಡಿಮದ್ದಿನ ಫ್ಯಾಕ್ಟರಿಯಲ್ಲಿ ಕೆಲಸ. ಸುತ್ತ ಕೇಳುವುದು ತಮಿಳು, ಬಡಗ ಮಾತು. ಅಚ್ಚ ಕನ್ನಡದಲ್ಲಿ ಬೈಸಿಕೊಳ್ಳಬೇಕೆಂದರೆ ನನಗಿದ್ದದ್ದು ಎರಡೇ ಜಾಗ, ನಮ್ಮ ಮನೆ ಮತ್ತು ಅಕ್ಕನ ಸ್ಟುಡಿಯೋ. ಸ್ಟುಡಿಯೋದಲ್ಲಿ ಬೈಗುಳದ ಜೊತೆ ಚಹಾನೂ ಸಿಗುತ್ತಿತ್ತು.

ಅಕ್ಕ ಕುಳ್ಳಗೆ, ದುಂಡಗೆ. ಸೀರೆಯ ಮೇಲೆ ಭಾವನ ಹಳೆಯ ಸ್ವೆಟರು. ಕನ್ನಡಕ ಎರಡು, ಒಂದು ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ. ಮೂಗಿನದು ಮನುಷ್ಯರಿಗೆ, ತಲೆಯದು ವಿಮಾನಕ್ಕೆ. ಗಿರಾಕಿಗಳಿಗೆ ತಮಿಳಿನಲ್ಲಿ "ನೇರಾ ಪಾರುಂಗ, ಸಿರಿಕ್ಕಾದೀಂಗ" ಅನ್ನುವಳು, ನೇರ ನೋಡಿ, ನಗಬೇಡಿ ಅಂತ. ಅವಳು ಹಾಗೆ ಅಂದಕೂಡಲೇ ಎಂಥವರಿಗೂ ನಗು ಬರುತ್ತಿತ್ತು. ಇದನ್ನೇ ನಾನು ಕೂನೂರಿನ ಒಂದು ಮದುವೆಯಲ್ಲಿ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ. ಅಕ್ಕ ಮೂರನೇ ಸಾಲಿನಲ್ಲೇ ಕೂತಿದ್ದಳು. ಇಳಿದು ಬಂದವನ ಕಿವಿ ಹಿಡಿದು, "ಮೂಗಲ್ಲಿ ಜಾಸ್ತಿ ಆಯ್ತು ಕಣ್ಲಾ. ನಾನೆಲ್ಲಿ ಹಂಗ್ ಮೂಗಲ್ಲಿ ಮಾತಾಡ್ತೀನಿ?" ಅಂದಳು, ಮೂಗಿನಲ್ಲೇ.

ಫ್ಲೈಟ್ ಸಿಮ್ಯುಲೇಟರ್ ಅಂದರೆ ಮನೆಯ ಕುರ್ಚಿ ಬಿಟ್ಟೇಳದೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು. ಲೋಕದ ತುಂಬ ಈ ಹುಚ್ಚಿನವರಿದ್ದಾರೆ, ನೆಟ್ಟಿನಲ್ಲಿ ಅವರದೇ ಒಂದು ಗುಂಪು. ಅವರು ಹಾರಿಸುವ ವಿಮಾನವನ್ನು ಯಾರಾದರೂ ರೆಕ್ಕೆಯಿಂದ ರಿವೆಟ್ಟಿನವರೆಗೆ ಪರದೆಯ ಮೇಲೆ ಕಟ್ಟಿಕೊಡಬೇಕಲ್ಲ, ಆ ಯಾರಾದರೂ ನಮ್ಮ ಮಾದೇವಕ್ಕ. ಕೊರೋನಾ ಕಾಲದಲ್ಲಿ ಫೋಟೋಗೆ ಜನ ಬರದೆ ಕೈ ಕಡಿಯತೊಡಗಿದಾಗ ಶುರುವಾದದ್ದು ಆಮೇಲೆ ಬಿಡಲಿಲ್ಲ. ಅಷ್ಟು ವರ್ಷವೂ ಅವಳು ಕಟ್ಟಿದ್ದು ಒಂದೇ ವಿಮಾನ, ರೆಕ್ಕೆಗೊಂದರಂತೆ ಎರಡು ಪಂಖ ತಿರುಗುವ ಸಣ್ಣದು. "ಜೆಟ್ ಮಾಡೋರು ಬೇಕಾದಷ್ಟು ಜನ ಅವ್ರೆ. ಇದು ನಮ್ ಬಸ್ಸಿನಂಗೆ ಕಣ್ಲಾ, ಸಣ್ ಸಣ್ ಊರಿಗೂ ಹೋಯ್ತದೆ."

ಬಸ್ಸಿನ ಹಾಗೆ ಅನ್ನುವುದನ್ನು ಅವಳು ಬರೀ ಬಾಯಿಮಾತಿಗೆ ಅಂದದ್ದಲ್ಲ. ವಿಮಾನದಲ್ಲಿ ಹೋದವರು ನೆಟ್ಟಿಗೆ ಹಾಕಿದ ವೀಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುವಳು. "ಮೋಡ ಸಾಕು ಕಣಪ್ಪ, ಆ ಕಿಟಕಿ ರಬ್ಬರ್ ವಸಿ ತೋರ್ಸು" ಅಂತ ಪರದೆಯನ್ನೇ ಗದರುವಳು. ಅವರು ತೋರಿಸದೆ ಬಿಟ್ಟದ್ದನ್ನು ಹುಡುಕಿಕೊಂಡು ಕೂನೂರು ಬಸ್ಸು ಹತ್ತುವಳು. ಸೀಟಿನ ಹಿಡಿ ಎಲ್ಲಿ ಸವೆಯುತ್ತದೆ, ರೆಕ್ಸಿನ್ ಯಾವ ಮೂಲೆಯಲ್ಲಿ ಮೊದಲು ಬಾಯಿ ಬಿಡುತ್ತದೆ ಅಂತ ಮೊಬೈಲಿನಲ್ಲಿ ಫೋಟೋ ಹಿಡಿಯುವಳು. "ಜನ ಹಿಡ್ಕೊಳದು ಎಲ್ಲಾ ಕಡೆ ಒಂದೇ ಥರ. ಆಕಾಶಕ್ಕೋದ್ರೆ ಕೈ ಬೇರೆ ಆಯ್ತದಾ?"

ಒಂದು ಸಲ ಕಂಡಕ್ಟರ್ ನೋಡಿಬಿಟ್ಟ. "ಏನಮ್ಮಾ, ಕಂಪ್ಲೇಂಟಾ?" ಅಂದ. ಅಕ್ಕ ತಮಿಳಿನಲ್ಲಿ, "ಇಲ್ಲಪ್ಪಾ, ಸೀಟು ಬಹಳ ಚೆನ್ನಾಗಿದೆ" ಅಂದಳು. ಹರಿದ ಸೀಟನ್ನು ಚೆನ್ನಾಗಿದೆ ಅಂದರೆ ಯಾರು ನಂಬುತ್ತಾರೆ? ಮುಂದಿನ ವಾರ ಅದೇ ಬಸ್ಸು ಹತ್ತಿದರೆ ಸೀಟಿಗೆ ಹೊಸ ರೆಕ್ಸಿನ್. ಅಕ್ಕ ಸ್ಟುಡಿಯೋಗೆ ಬಂದು ಧೊಪ್ಪನೆ ಕೂತಳು.

"ಹಾಳಾದವ್ನು ಹೊಲ್ಸಿಬುಟ್ಟ ಕಣ್ಲಾ. ಇನ್ನೊಂದೇ ಒಂದು ಫೋಟೋ ಬೇಕಾಗಿತ್ತು!"

ಆ ಸೀಟಿನಲ್ಲಿ ಓಡಾಡುವವರೆಲ್ಲ ಅವಳಿಗೆ ಪುಣ್ಯ ಬರಲಿ ಅಂದಿರಬೇಕು. ಅವಳು ಮಾತ್ರ ಎರಡು ದಿನ ಸೂತಕದವಳ ಹಾಗೆ ಇದ್ದಳು.

ನನ್ನ ವಿಷಯಕ್ಕೆ ಬರೋಣ. ವಿಮಾನಕ್ಕೆ ಶಬ್ದ ಬೇಕಿತ್ತು. ಬೇರೆಯವರ ರೆಕಾರ್ಡಿಂಗ್ ಎತ್ತಿಕೊಳ್ಳುವುದು ಅಕ್ಕನಿಗೆ ಆಗದು. "ನಿನ್ ಬಾಯಿ ಬೇಕು ಕಣ್ಲಾ ಗಿಳಿ" ಎಂದು ಹೇಳಿ ಕಳಿಸಿದಳು. ನಾನು ಎರಡು ದಿನ ಗಂಟಲು ಹದ ಮಾಡಿಕೊಂಡು, ಬಿಸಿನೀರು ಕುಡಿದು, ಎಂಜಿನ್ ಸ್ಟಾರ್ಟ್ ಆಗುವುದರಿಂದ ಹಿಡಿದು ಮೇಲೇಳುವವರೆಗೆ ಒಂದೇ ಉಸಿರಿನಲ್ಲಿ ಮಾಡಿ ತೋರಿಸಿದೆ. ಕೆಳಗಿನ ಟೀ ಅಂಗಡಿಯವನು ಹೊರಗೆ ಬಂದು ಆಕಾಶ ನೋಡಿದ.

ಅಕ್ಕ ತಣ್ಣಗೆ, "ಎಂಜಿನ್ನು ಆಗೋಯ್ತು. ಗುಂಪಲ್ಲೊಬ್ರು ಮಾಡ್ಕೊಟ್ರು. ನಂಗೆ ಕಕ್ಕಸಿನ ಬಾಗಿಲ ಚಿಲಕ ಬೇಕು" ಅಂದಳು.

ಮಾಡಿದೆ. ಟಕ್.

"ಇದು ನಮ್ ಕ್ವಾರ್ಟರ್ಸಿಂದು."

ಟ್ಟಿಕ್.

"ಇದು ಬೀರು. ವಿಮಾನದ್ದು ಇನ್ನೂ ನಾಚ್ಕೆ ಇರೋದು ಕಣ್ಲಾ. ಒಳಗಿರೋರಿಗೆ ಮಾತ್ರ ಕೇಳ್ಸಂಗೆ."

ನಾಚಿಕೆಯ ಚಿಲಕ ನನ್ನ ಬಾಯಿಗೆ ಒಲಿಯುವಷ್ಟರಲ್ಲಿ ಊಟಿ ರೈಲು ಕೂಗಿತು, ಫ್ಯಾಕ್ಟರಿ ಸೈರನ್ ಆಯಿತು, ಟೀ ಅಂಗಡಿಯವನು ಗ್ಲಾಸು ಒಡೆದ. ಕಡೆಗೂ ಆಯಿತು. ಈಗ ಯಾವ ಯಾವ ದೇಶದಲ್ಲೋ ಜನ ಆ ವಿಮಾನದ ಬಾಗಿಲು ಹಾಕಿಕೊಂಡಾಗ ಕೇಳುವುದು ನನ್ನ ನಾಲಿಗೆ. ನಮ್ಮ ವಂಶದಲ್ಲಿ ಇಷ್ಟು ದೂರ ಹೋದವರು ಯಾರೂ ಇಲ್ಲ.

ಪೈಲಟ್ ಕೂರುವ ಜಾಗ ಮಾಡಿದಾಗ ಇನ್ನೊಂದು ಗಮ್ಮತ್ತು. ಗಾಜಿನ ಕೆಳಗಿನ ಅಂಚಿನಲ್ಲಿ ಅರ್ಧ ಸೀಳಿದ ಆಲೂಗಡ್ಡೆ ಇಟ್ಟಳು. ಮಂಜು ಇಳಿದಾಗ ನಮ್ಮ ಬೆಟ್ಟದ ಡ್ರೈವರುಗಳು ಗಾಜು ಮಬ್ಬಾಗದಿರಲಿ ಅಂತ ಉಜ್ಜುತ್ತಾರಲ್ಲ, ಅದು. ಗುಂಪಿನವರು ಗಾಬರಿಯಾದರು. ಒಬ್ಬ ಸೋಪು ಅಂದುಕೊಂಡ, ಒಬ್ಬ ಯಾರೋ ತಿಂದುಬಿಟ್ಟ ಬ್ರೆಡ್ಡು ಅಂದುಕೊಂಡ.

"ಅಕ್ಕಾ, ವಿಮಾನದ ಗಾಜು ಬಿಸಿ ಮಾಡೋಕೆ ಸ್ವಿಚ್ ಇರುತ್ತಂತಲ್ಲ" ಅಂದೆ.

"ಗೊತ್ತು. ಇಟ್ಟಿದ್ದೀನಲ್ಲ, ಅಲ್ಲೇ ಮೇಲ್ಗಡೆ."

"ಮತ್ತೆ ಆಲೂಗಡ್ಡೆ ಯಾಕೆ?"

"ಸ್ವಿಚ್ ಕೆಟ್ರೆ ಏನ್ ಮಾಡ್ತಾರೆ ಪಾಪ?"

ಆಲೂಗಡ್ಡೆ ಅಲ್ಲೇ ಉಳಿಯಿತು. ಗುಂಪಿನವರಿಗೂ ಅದರ ಮೇಲೆ ಪ್ರೀತಿ ಹುಟ್ಟಿತು. ಆದರೆ ಅವರಲ್ಲೊಬ್ಬರು ಒಂದು ದಿನ ಕೇಳಿದರು: "ಮೇಡಂ, ಇಷ್ಟೆಲ್ಲ ಗೊತ್ತಿದೆಯಲ್ಲ, ನೀವು ಈ ವಿಮಾನದಲ್ಲಿ ಎಷ್ಟು ವರ್ಷ ಕೆಲಸ ಮಾಡಿದ್ದೀರಿ?" ಅಕ್ಕ ಕಂಪ್ಯೂಟರನ್ನೇ ಆರಿಸಿದಳು. ಕೆಲಸದ ಮಾತು ಹಾಗಿರಲಿ, ಅವಳು ಯಾವ ವಿಮಾನದೊಳಗೂ ಕಾಲಿಟ್ಟವಳೇ ಅಲ್ಲ.

"ಇರೋದನ್ನ ಹೇಳಿದ್ರೆ ನಂಬ್ತಾರೆ ಬಿಡಕ್ಕ" ಅಂದೆ.

"ನಂಬ್ಲಿ ಬುಡ್ಲಿ. ನಂಗೇ ಈಗ ಗ್ಯಾನ ಬಂತು. ನಾ ಮಾಡಿರೋದು ಹಂಗೇ ಅದಾ ಅಂತ ನಂಗೆ ಹೆಂಗ್ಲಾ ಗೊತ್ತು? ಎಲ್ಲಾ ಊಹೆ. ಬಸ್ಸಿನ ಸೀಟಿಗೆ ರೆಕ್ಕೆ ಕಟ್ಟಿದ್ದೀನೋ ಏನೋ."

ಅದೇ ಅವಳೊಳಗೆ ಕೂತ ಮುಳ್ಳು. ಆಮೇಲೆ ಯಾರಾದರೂ ವಿಮಾನದಲ್ಲಿ ಹೋಗಿಬಂದೆ ಅಂದರೆ ಮೊದಲಿನ ಹಾಗೆ ಕೂರಿಸಿಕೊಂಡು ಕೇಳುತ್ತಿರಲಿಲ್ಲ. ಚಹಾ ಕೊಟ್ಟು ಕಳಿಸಿಬಿಡುತ್ತಿದ್ದಳು.

ಹೋದ ವರ್ಷ ಭಾವನಿಗೆ ಉತ್ತರದ ಕಡೆ ವರ್ಗವಾಯಿತು. ಭಾವ ಬಡ್ತಿಯ ಸಂತೋಷದಲ್ಲಿ ಹೆಂಡತಿಯನ್ನು ಕೇಳದೆ ಕೊಯಮತ್ತೂರಿನಿಂದ ವಿಮಾನದ ಟಿಕೆಟ್ ಮಾಡಿಸಿಕೊಂಡು ಬಂದರು. ದಾರಿಯಲ್ಲಿ ವಿಮಾನ ಬದಲಿಸಬೇಕು, ಮೊದಲ ಹಾರಾಟ ಅಕ್ಕ ಕಟ್ಟಿದ ಅದೇ ಎರಡು ಪಂಖದ್ದರಲ್ಲಿ. ಅಕ್ಕ ಟಿಕೆಟ್ಟನ್ನು ಸೊಸೆ ಮಾಡಿದ ಸಾರಿನ ಹಾಗೆ ದೂರದಿಂದಲೇ ನೋಡಿದಳು.

"ಟ್ರೈನಲ್ಲಿ ಹೋಗಾನ."

"ನೀನೇ ಕಟ್ಟಿರೋ ವಿಮಾನದಲ್ಲಿ ಕೂರಕ್ಕೆ ಹೆದರ್ಕೆನಾ?" ಭಾವ ನಕ್ಕರು.

"ನಾ ಕಟ್ಟಿರೋದ್ರಲ್ಲಿ ಇಲ್ಲ. ಅವ್ರು ಕಟ್ಟಿರೋದ್ರಲ್ಲಿ."

ಭಾವನಿಗೆ ಇದು ತಮಾಷೆಯಾಗಿ ಕೇಳಿಸಿತು. ನನಗೆ ಗೊತ್ತಿತ್ತು. ಬಿದ್ದುಹೋಗುತ್ತದೆ ಅನ್ನುವ ಹೆದರಿಕೆ ಅದಲ್ಲ. ಒಳಗೆ ಹೋಗಿ ನೋಡಿದಾಗ ಬೇರೆಯೇ ಏನೋ ಇದ್ದುಬಿಟ್ಟರೆ, ಇಷ್ಟು ವರ್ಷದ ಸಂಜೆಗಳೆಲ್ಲ ಏನಾದಂತಾಯಿತು?

ನಾನೇ ಅಪ್ಪನ ಓಮ್ನಿಯಲ್ಲಿ ಕರೆದುಕೊಂಡು ಹೋದೆ. ಮೆಟ್ಟುಪಾಳ್ಯದ ಘಾಟಿ ಇಳಿಯುವವರೆಗೂ ಅಕ್ಕ ಟಿಕೆಟ್ಟನ್ನು ಮಡಚುತ್ತ ಬಿಚ್ಚುತ್ತ ಇದ್ದಳು. ನಗಿಸೋಣ ಅಂತ ಗಗನಸಖಿಯ ದನಿಯಲ್ಲಿ, "ನಿಮ್ಮ ಸೀಟ್ ಬೆಲ್ಟ್ ಕಟ್ಟಿಕೊಳ್ಳಿ, ಈ ಓಮ್ನಿಗೆ ಬ್ರೇಕ್ ಕಡಿಮೆ" ಅಂದೆ. ಭಾವ ನಕ್ಕರು, ಅಕ್ಕ ಕಿಟಕಿ ನೋಡಿದಳು. ವಿಮಾನ ನಿಲ್ದಾಣದ ಬಾಗಿಲಲ್ಲಿ ನನ್ನ ತೋಳು ಹಿಡಿದು, "ತಪ್ಪಾಗಿದ್ರೆ ನಿಂಗ್ ಒಬ್ನಿಗೇ ಹೇಳ್ತೀನಿ. ಯಾರ್ ಮುಂದೆನೂ ಆಡಿ ತೋರ್ಸ್‌ಬ್ಯಾಡ" ಅಂದಳು. ಆಡಿ ತೋರಿಸುವುದೇ ಕಸುಬಾದವನು ನಾನು. ಅವತ್ತು ತಲೆ ಅಲ್ಲಾಡಿಸಿದೆ.

ಹೊರಗೆ ಓಮ್ನಿಯಲ್ಲಿ ಕೂತು ಕಾದೆ. ಎಷ್ಟೋ ಹೊತ್ತಿನ ಮೇಲೆ ಫೋನ್ ಬಂತು. ಪಿಸುದನಿ.

"ಗಿಳಿ. ಎಲ್ಲಾ ಅಲ್ಲಲ್ಲೇ ಅದೆ ಕಣ್ಲಾ."

"ಅಕ್ಕಾ?"

"ನಿಮ್ ಭಾವ ಲೈಟಿನ ಗುಂಡಿ ಹುಡುಕ್ತಾ ಅವ್ರೆ. ನಾ ಕಣ್ ಮುಚ್ಕೊಂಡು ಕೈ ಹಾಕ್ದೆ, ಸಿಕ್ತು. ಕಿಟಕಿ ರಬ್ಬರು, ಸೀಟಿನ ಹಿಡಿ ಸವೆದಿರೋದು, ಎಲ್ಲಾ..." ಮೂಗು ಎಳೆದ ಸದ್ದು. ಆಮೇಲೆ ದನಿ ಬದಲಾಯಿತು, ಹಳೆಯ ಗಿರಾಕಿ ಬಂದಾಗಿನ ದನಿ. "ಒಂದು ಸ್ಕ್ರೂ ಇಲ್ಲ ಕಣ್ಲಾ. ಮುಂದಿನ ಸೀಟಿನ ಊಟದ ಹಲಗೆ ಅದೆಯಲ್ಲ, ಅದರ ಪಕ್ಕ. ನಾನು ಎಲ್ಲಾ ಹಾಕಿದ್ದೀನಿ, ಇವ್ರು ಒಂದು ಹಾಕಿಲ್ಲ! ಯಾರೋ ಹುಡ್ಗಿ ಫೋನ್ ಆರ್ಸಿ ಅಂತವ್ಳೆ, ಇಡ್ಲಾ?"

ಇಡುವುದೋ ಬೇಡವೋ ಅಂತ ಕೇಳಿದವಳು ಉತ್ತರಕ್ಕೆ ಕಾಯಲಿಲ್ಲ. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅವತ್ತೇ.

ಈಗ ಸ್ಟುಡಿಯೋ ಇದ್ದ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಅಕ್ಕ ಆಗಾಗ ಫೋನ್ ಮಾಡಿ ಅಲ್ಲಿನ ಸೆಕೆಯನ್ನೂ ತನ್ನ ಹಿಂದಿಯನ್ನೂ ಬೈಯುತ್ತಾಳೆ, ಅಲ್ಲಿನ ಹೆಂಗಸರ ಹಾಗೆ ಮಾತಾಡಿ ತೋರಿಸುತ್ತಾಳೆ. ನನಗಿಂತ ಚೆನ್ನಾಗಿ ಮಾಡುತ್ತಾಳೆ, ಅದೊಂದು ಸಂಕಟ. ಅವಳ ವಿಮಾನದ ಹೊಸ ಆವೃತ್ತಿ ಬಂದಿದೆ. ಒಬ್ಬ ಮಹಾಶಯ "ಒಂದು ಸೀಟಿನಲ್ಲಿ ಸ್ಕ್ರೂ ಬಿಟ್ಟುಹೋಗಿದೆ, ದಯವಿಟ್ಟು ಸರಿಪಡಿಸಿ" ಅಂತ ಬರೆದಿದ್ದ. ಅಕ್ಕ ಬರೆದ ಉತ್ತರ ಒಂದೇ ಸಾಲು: "ಸರಿಯಾಗಿಯೇ ಇದೆ. ನಾನು ಅಲ್ಲಿ ಕೂತಿದ್ದೆ."

ನನಗೆ ಹಾರಿಸಲು ಬರುವುದಿಲ್ಲ, ಎದ್ದ ಒಂದು ನಿಮಿಷಕ್ಕೆ ಗದ್ದೆಗೆ ಇಳಿಸುತ್ತೇನೆ. ಹಾಗಾಗಿ ಕೆಲವು ಸಂಜೆ ವಿಮಾನವನ್ನು ನಿಂತಲ್ಲೇ ಬಿಟ್ಟು, ಪರದೆಯೊಳಗೇ ಎದ್ದು ನಡೆದು ಆ ಸೀಟಿನವರೆಗೆ ಹೋಗಿ ಬಗ್ಗಿ ನೋಡುತ್ತೇನೆ. ಸ್ಕ್ರೂ ತೆಗೆದು ಸುಮ್ಮನಾಗುವ ಹೆಂಗಸೇ ಅವಳು? ತೂತಿನ ಸುತ್ತ, ಸ್ಕ್ರೂವಿನ ತಲೆ ಇದ್ದಷ್ಟು ದಿನ ಒತ್ತಿ ಕೂತಿದ್ದ ಜಾಗದಲ್ಲಿ, ಬಣ್ಣ ಮಾಸದೆ ಉಳಿದ ಒಂದು ಸಣ್ಣ ಉಂಗುರವನ್ನೂ ಮಾಡಿಟ್ಟಿದ್ದಾಳೆ.