ಡಿಸ್ಕಿನೊಳಗಿನ ಎಮ್ಮೆಗಳು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಒಮ್ಮೆ ಹುಮನಾಬಾದಿನ ಪಶುವೈದ್ಯ ಕಚೇರಿಗೆ ಹೋದರೆ, ಟೈಪಿಸ್ಟ್ ಕಾಶಿಬಾಯಿ ಅಳುತ್ತ ಕೂತಿದ್ದರು. ಘಾಟಬೋರಾಳ, ಹುಡಗಿ ಎಂಬ ಊರುಗಳ ದನಗಳಿಗೆ ಚುಚ್ಚುಮದ್ದು ಹಾಕಿದ ಪಟ್ಟಿಯನ್ನು ತಿಂಗಳುಗಟ್ಟಲೆ ಟೈಪ್ ಮಾಡಿದ್ದರು. ಅವತ್ತು ಪರದೆಯ ಮೇಲೆ ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಬಂದಿತ್ತು.

"ಎಮ್ಮಿಗೋಳು ಎಲ್ಲಾ ಹೋದವೇನ್ರಿ? ಮತ್ತ ಊರೂರು ತಿರಗಬೇಕೇನ್ರಿ?"

ನಾನು ಡಿಸ್ಕನ್ನು ಪರೀಕ್ಷಿಸುವ 'ಚೆಕ್‌ಡಿಸ್ಕ್' ಆದೇಶವನ್ನು ಟೈಪ್ ಮಾಡಿ ಎಂಟರ್ ಒತ್ತಿದೆ. ಡ್ರೈವು ಗುರುಗುಟ್ಟಿ ಲೆಕ್ಕ ತೋರಿಸಿತು.

"ಒಂದೂ ಹೋಗಿಲ್ರಿ, ಬಾಯಾರ. ಫ್ಲಾಪಿ ತುಂಬೇದ, ಅಷ್ಟ. ಇನ್ನೊಂದು ಹಾಕ್ರಿ."

ಕಾಶಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ನೀವು ಟೈಪ್ ಮಾಡಿದ ಆ ಶಬ್ದ ನನಗ ಬರ್ದು ಕೊಡ್ರಿ, ಇನ್ನ ಮ್ಯಾಲ ನಾನ ನೋಡ್ತೀನಿ."

ಬರೆದುಕೊಟ್ಟೆ. ಆಮೇಲೆ ಆ ಕಚೇರಿಯಿಂದ ಕರೆಯೇ ಬರಲಿಲ್ಲ. ಹುಮನಾಬಾದಿಗೆ ಹೋಗಿ ಬಿಸಿ ಮಿರ್ಚಿಭಜಿ ತಿನ್ನಲು ನನಗಿದ್ದ ಒಂದೇ ನೆಪವನ್ನು ನಾನೇ ಕಳೆದುಕೊಂಡಿದ್ದೆ.