ಊರು ಬಿಟ್ಟ ಗುಂಡಯ್ಯ

ಮಗ್ಗೆ ದಾಟಿ ಮೇಲಕ್ಕೆ ಬಂದರೆ ಸಿಗುವ ನಮ್ಮೂರಲ್ಲಿ ಊರಮ್ಮನ ಸುಗ್ಗಿ ಹಬ್ಬಕ್ಕೆ ಸಾರು ಹಾಕಿದರೆಂದರೆ ಬಾಣಲೆಗಳಿಗೆಲ್ಲ ರಜ. ಸಾರು ಎಂದರೆ ಅನ್ನಕ್ಕೆ ಕಲಸಿಕೊಳ್ಳುವ ಸಾರಲ್ಲ. ಊರಿಗೆಲ್ಲ ಕೇಳುವಂತೆ ಕಟ್ಟುಪಾಡು ಸಾರಿ ಹೇಳುವುದು. ಬಯಲುಸೀಮೆಯಿಂದ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ಇದು ಗೊತ್ತಿಲ್ಲದೆ, ಇವತ್ತು ಊರಿಗೆಲ್ಲ ಸಾರು ಹಾಕುತ್ತಾರಂತೆ ಎಂದು ತಪ್ಪಲೆ ಹಿಡಿದುಕೊಂಡು ಗುಡಿ ಮುಂದೆ ಬಂದು ನಿಂತಿದ್ದರು. ಪಾಪ, ಎದುರಿಗೆ ಯಾರೂ ನಗಲಿಲ್ಲ. ಮನೆಗೆ ಹೋಗಿ ನಕ್ಕೆವು.

ಸಾರು ಬಿದ್ದ ಸಂಜೆಯಿಂದ ಸುಗ್ಗಿ ಮುಗಿಯುವ ತನಕ ಊರೊಳಗೆ ಒಗ್ಗರಣೆ ಹಾಕುವಂತಿಲ್ಲ, ಹಸಿರು ಕೊಯ್ಯುವಂತಿಲ್ಲ, ಚಪ್ಪಲಿ ಮೆಟ್ಟುವಂತಿಲ್ಲ, ಕ್ಷೌರ ಮಾಡಿಸುವಂತಿಲ್ಲ, ಜೋರಾಗಿ ಜಗಳವಾಡುವಂತಿಲ್ಲ. ಹೊರಗಿನವರು ರಾತ್ರಿ ಉಳಿಯುವಂತಿಲ್ಲ. ಕೊನೆಯ ದಿನ ಊರಮ್ಮನ ಉತ್ಸವದ ಹಿಂದೆ ಎಲ್ಲರೂ ಬರಿಗಾಲಲ್ಲಿ ಗುಡ್ಡ ಹತ್ತಬೇಕು. ಆ ದಿನಗಳಲ್ಲಿ ಊರಮ್ಮ ಓಣಿಯಲ್ಲಿ ಓಡಾಡುತ್ತಿರುತ್ತಾಳೆ, ಅವಳಿಗೆ ಗಲಾಟೆ ಆಗಬಾರದು ಎನ್ನುತ್ತಾರೆ. ಹೌದೋ ಅಲ್ಲವೋ ಎಂದು ನಾನು ಕೇಳಲು ಹೋದವನಲ್ಲ. ವರ್ಷಕ್ಕೊಮ್ಮೆ ಸಪ್ಪೆ ತಿಂದರೆ ಯಾರೂ ಸಾಯುವುದಿಲ್ಲ.

ಕೇಳಿದವನು ಗುಂಡಯ್ಯ. ನಮ್ಮ ಮನೆಗೂ ಅವನ ಮನೆಗೂ ನಡುವೆ ಇರುವುದು ಒಂದು ದಾಸವಾಳದ ಬೇಲಿ. ಒಂದೇ ಶಾಲೆಯಲ್ಲಿ ಒಂದೇ ಬೆತ್ತದಿಂದ ಏಟು ತಿಂದವರು ನಾವು. ವ್ಯತ್ಯಾಸ ಇಷ್ಟೆ: ಬಲಗೈ ಚಾಚು ಎಂದರೆ ನಾನು ಬಲಗೈ ಚಾಚುತ್ತಿದ್ದೆ, ಅವನು ಎಡಗೈ ಚಾಚಿ ಎರಡಕ್ಕೂ ತಿನ್ನುತ್ತಿದ್ದ. ದೊಡ್ಡವನಾದ ಮೇಲೆ ಸಕಲೇಶಪುರದ ಕಡೆ ಒಂದು ಎಸ್ಟೇಟಿನ ಸ್ಟೋರಿನಲ್ಲಿ ಕೆಲಸಕ್ಕಿದ್ದ. ಒಳ್ಳೆಯ ಕೆಲಸ, ಬಿಟ್ಟು ಬಂದ. ಯಾಕೋ ಎಂದರೆ, "ಸೈರನ್ ಕೂಗ್ದಾಗ ನಂಗೆ ಹಸಿವಾಗ್ಬೇಕಂತೆ ಕಣೋ. ಹೊಟ್ಟೆ ನಂದು, ಸೈರನ್ ಅವರ್ದು. ಯಾವೂರ ನ್ಯಾಯ?" ಎಂದ. ಆಮೇಲೆ ತನ್ನದೇ ಚೂರು ಕಾಫಿ ತೋಟ ನೋಡಿಕೊಂಡು, ಹಸಿವಾದಾಗ ಉಂಡುಕೊಂಡು ಇದ್ದ. ಇಂಥವನ ಜೊತೆ ಚೌಡಮ್ಮ ಇಷ್ಟು ವರ್ಷ ಹೇಗೆ ಸಂಸಾರ ಮಾಡಿದಳು ಎಂದು ಜನ ಆಶ್ಚರ್ಯಪಡುತ್ತಾರೆ. ಬೇಲಿಯಾಚೆಯಿಂದ ಕೇಳಿಸಿಕೊಂಡ ನನಗೆ ಗೊತ್ತು. ಅವನು ಏನು ಮಾಡಬೇಕೋ ಅದನ್ನು ಅವಳು ಬೇಡ ಎಂದು ಹೇಳುತ್ತಾಳೆ.

ಕೆಲವು ವರ್ಷಗಳ ಹಿಂದೆ, ಸಾರು ಬಿದ್ದ ಮಾರನೆಯ ಸಂಜೆ, ಊರೆಲ್ಲ ಸಪ್ಪೆ ಹುರುಳಿಕಾಳು ಬೇಯಿಸಿಕೊಂಡು ಕೂತಿರುವಾಗ ಬೇಲಿಯಾಚೆ ಚುಂಯ್ ಎಂದಿತು. ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಊರು ಅಷ್ಟು ತಣ್ಣಗಿದ್ದದ್ದರಿಂದ ಸದ್ದು ಗುಡಿಯವರೆಗೂ ಹೋಯಿತು, ಘಾಟು ಅದಕ್ಕೂ ಮುಂದೆ ಹೋಯಿತು. ಎಲ್ಲರೂ ಬರಿಗಾಲಲ್ಲಿ ಓಡಿಬಂದರು. ಗುಂಡಯ್ಯ ಸೌಟು ಹಿಡಿದುಕೊಂಡೇ ಜಗಲಿಗೆ ಬಂದ. ಕಾಲಲ್ಲಿ ಚಪ್ಪಲಿ ಬೇರೆ.

"ಮನೆ ನಂದು, ಬಾಣಲೆ ನಂದು, ಸಾಸಿವೆ ನಂದು. ಮನುಷ್ಯ ಅಂದ್ಮೇಲೆ ಪೂರ್ತಿ ಸ್ವತಂತ್ರವಾಗಿರ್ಬೇಕು ಕಣ್ರೀ, ಅರ್ಧಂಬರ್ಧ ಅಲ್ಲ. ದಂಡ ಹಾಕ್ತೀರಾ? ಹಾಕಿ. ಕಟ್ಟಾಕಿಲ್ಲ."

ಅವನಿಗೆ ಆ ದಂಡ ಬೇಕೇ ಬೇಕಾಗಿತ್ತು. ಕಟ್ಟುವುದಿಲ್ಲ ಎನ್ನುವುದಕ್ಕಾದರೂ ಒಂದು ದಂಡ ಬೇಕಲ್ಲ. ಆದರೆ ನಮ್ಮೂರ ಪಟೇಲರ ಮನೆಯ ನಂಜುಂಡಣ್ಣ ಹಳೇ ಹುಲಿ. ದಂಡದ ಮಾತೇ ಎತ್ತದೆ ಎಲ್ಲರನ್ನೂ ಗುಡಿಗೆ ಕರೆದುಕೊಂಡು ಹೋಗಿ ಅಮ್ಮನ ಮುಂದೆ ಹೂ ಕೇಳಿದರು. ಇವನನ್ನು ಹಿಡಿಯುವುದಾದರೆ ಎಡಕ್ಕೆ ಕೊಡು ತಾಯಿ, ಬಿಡುವುದಾದರೆ ಬಲಕ್ಕೆ ಕೊಡು. ಕೇಳಿ ಮುಗಿಯುವ ಮೊದಲೇ ಬಲಗಡೆಯ ಹೂ ದಪ್ಪನೆ ಬಿತ್ತು. ಅಮ್ಮನಿಗೂ ಅವನ ಸಹವಾಸ ಸಾಕಾಗಿತ್ತೇನೋ.

"ಅಮ್ಮ ಬುಡು ಅಂದವ್ಳೆ. ಇವತ್ತಿಂದ ನಿನ್ನ ಬಿಟ್ಟಿದೀವಿ ಕಣಯ್ಯ ಗುಂಡ. ಸಾರು, ಕಟ್ಟು, ಯಾವ್ದೂ ನಿಂಗಿಲ್ಲ," ಎಂದರು ನಂಜುಂಡಣ್ಣ.

ಗುಂಡಯ್ಯ ಕುಣಿದಾಡಿಬಿಟ್ಟ. ಬಿಟ್ಟಿದೀವಿ ಎಂದರೆ ನಿನ್ನ ತಂಟೆಗೆ ಬರುವುದಿಲ್ಲ ಎಂದು ಅರ್ಥ ಮಾಡಿಕೊಂಡ. ನಮ್ಮೂರಲ್ಲೇ ಹುಟ್ಟಿ ಬೆಳೆದವನು ಆ ತಪ್ಪು ಮಾಡಬಾರದಿತ್ತು. ದೇವರ ಹೆಸರಲ್ಲಿ ಬಸವನನ್ನೂ ಬಿಡುತ್ತಾರೆ. ಅದಕ್ಕೆ ಮೂಗುದಾರವಿಲ್ಲ, ನೊಗವಿಲ್ಲ, ಯಾರ ಗದ್ದೆಗೆ ನುಗ್ಗಿದರೂ ಹೊಡೆಯುವವರಿಲ್ಲ. ಆದರೆ ಬಿಟ್ಟ ಬಸವ ಊರಿನದು. ಊರಿನ ಹಸುಗಳೆಲ್ಲ ಅದರ ಪಾಲಿನ ಕೆಲಸ.

ಮಾರನೆಯ ಬೆಳಿಗ್ಗೆ ಮೊದಲು ಬಂದವಳು ಮುನಿಯಮ್ಮ. "ಗುಂಡಣ್ಣ, ಹಸ ಹಸ್ಕಂಡು ಕೂಗ್ತೈತೆ. ನಾವು ಹಸಿರು ಕೊಯ್ಯಂಗಿಲ್ಲ. ನಿನ್ನ ಬಿಟ್ಟವ್ರಲ್ಲ, ಒಂದ್ ಹೊರೆ ಹುಲ್ಲು ಕೊಯ್ಕೊಡು." ಹಸು ಪಾಪ ಏನು ಮಾಡೀತು ಎಂದು ಇವನು ಕೊಯ್ದುಕೊಟ್ಟ. ಮಧ್ಯಾಹ್ನದೊಳಗೆ ಊರಿನ ಹಸುಗಳಿಗೆಲ್ಲ ಕೊಯ್ಯುತ್ತಿದ್ದ. ನಿಶ್ಚಿತಾರ್ಥ ಗೊತ್ತಾಗಿದ್ದ ಹುಡುಗನೊಬ್ಬ ಕ್ಷೌರಿಕನನ್ನು ಕರೆದುಕೊಂಡು ಅವನ ಜಗಲಿಗೇ ಬಂದು ಕೂತ. ಯಾರ್ಯಾರದೋ ಮನೆಯ ಅಳಿಯಂದಿರು ರಾತ್ರಿ ಉಳಿಯುವಂತಿಲ್ಲವೆಂದು ಅವನ ಮನೆಯಲ್ಲಿ ಸಾಲಾಗಿ ಮಲಗಿದರು. ಬದುವಿನ ವ್ಯಾಜ್ಯವಿದ್ದ ಅಣ್ಣತಮ್ಮಂದಿರಿಬ್ಬರು ಅವನ ಅಂಗಳಕ್ಕೆ ಬಂದು, ಮನಸಾರೆ ಬೈದಾಡಿಕೊಂಡು, ನೀರು ಕುಡಿದು, ತಮ್ಮ ತಮ್ಮ ಮನೆಗೆ ಮೆತ್ತಗೆ ನಡೆದುಹೋದರು. ತೋಟಕ್ಕೆ ಆನೆ ಬಂದಿದೆ ಎಂದು ಮೊಬೈಲಿಗೆ ಸಂದೇಶ ಬಂದರೆ ಪಟಾಕಿ ಹಿಡಿದು ಓಡಬೇಕಾದವನೂ ಅವನೇ. ಉಳಿದ ನಾವು ಸದ್ದು ಮಾಡುವಂತಿಲ್ಲವಲ್ಲ.

ಇನ್ನು ಸಂಜೆಯ ಕತೆ ಹೇಳುವುದೇ ಬೇಡ. ಮನೆಮನೆಯಿಂದ ಸಪ್ಪೆ ಸಾರಿನ ಪಾತ್ರೆಗಳು ಬಂದು ಅವನ ಅಂಗಳದಲ್ಲಿ ಸಾಲುಗಟ್ಟುತ್ತಿದ್ದವು. ಕಟ್ಟು ಇರುವುದು ಒಗ್ಗರಣೆ ಹಾಕಬಾರದು ಎಂದು, ತಿನ್ನಬಾರದು ಎಂದಲ್ಲ, ಹೀಗೆ ತೀರ್ಪು ಕೊಟ್ಟವರು ನಂಜುಂಡಣ್ಣ. ಮೊದಲನೆಯ ಪಾತ್ರೆ ಬಂದದ್ದೂ ಅವರ ಮನೆಯದೇ. ನಮ್ಮ ಮನೆಯದು ಬೇಲಿಯ ಮೇಲಿಂದ ಹೋಗುತ್ತಿತ್ತು, ನಾನ್ಯಾಕೆ ಸುಳ್ಳು ಹೇಳಲಿ.

ವರ್ಷ ಕಳೆದ ಹಾಗೆ ಅದು ಶಾಸ್ತ್ರವೇ ಆಗಿಹೋಯಿತು. ಗುಂಡಯ್ಯನ ಬಾಣಲೆ ಚುಂಯ್ ಎಂದ ಮೇಲೆಯೇ ಗುಡಿಯಲ್ಲಿ ಮಂಗಳಾರತಿ. ಒಂದು ವರ್ಷ ಅವನಿಗೆ ಚಳಿಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದ. ಪೂಜಾರಿ ಆರತಿ ತಟ್ಟೆ ಹಿಡಿದುಕೊಂಡು ಕಾದೂ ಕಾದೂ ಕೈ ಸೋತರು. ಕೊನೆಗೆ ನಾಲ್ಕು ಜನ ಹೋಗಿ ಅವನನ್ನು ಕಂಬಳಿ ಸಮೇತ ಎತ್ತಿ ತಂದು ಒಲೆ ಮುಂದೆ ಕೂರಿಸಿ ಕೈಗೆ ಸಾಸಿವೆ ಕೊಟ್ಟರು.

"ಇವತ್ತು ನಂಗೆ ಇಷ್ಟ ಇಲ್ಲ ಕಣ್ರೋ," ಎಂದು ಹಲ್ಲು ಕಡಿಯುತ್ತ ಹೇಳಿದ.

"ಇಷ್ಟ ಕಷ್ಟ ಎಲ್ಲ ನಮ್ಗೆ ಮಾರಾಯ. ನೀನು ಸ್ವತಂತ್ರ. ಹಾಕು, ಹೊತ್ತಾಯ್ತು," ಎಂದರು.

ಇದೆಲ್ಲ ನಗುವ ಮಾತೇ. ಆದರೆ ಹೋದ ಮಳೆಗಾಲದಲ್ಲಿ ಚೌಡಮ್ಮನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಹಾಸನಕ್ಕೆ ಕರೆದುಕೊಂಡು ಹೋಗಬೇಕಾಯಿತು. ಜೊತೆಗೆ ನಾನೂ ಹೋಗಿದ್ದೆ. ಆಪರೇಷನ್ನಿಗೆ ಒಳಗೆ ಕರೆದುಕೊಂಡ ಮೇಲೆ ಗುಂಡಯ್ಯ ಬೆಂಚಿನ ಮೇಲೆ ಕೂತು ಮಗುವಿನಂತೆ ಅತ್ತ. ಬೇಡ ಎನ್ನಲು ಅವಳಿಲ್ಲದೆ ಹೋದರೆ ತಾನು ಏನನ್ನು ಮಾಡಬೇಕು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಗೋಡೆ ಕಡೆ ತಿರುಗಿ ಕೈ ಮುಗಿದ.

"ಅಮ್ಮಾ, ಇವ್ಳು ನಡ್ಕಂಡ್ ಮನೆಗ್ ಬರ್ಲಿ. ಬರೋ ಸುಗ್ಗೀಲಿ ನಾನೂ ಎಲ್ರಂಗೆ ಸಪ್ಪೆ ಉಣ್ತೀನಿ. ಬರಿಗಾಲಲ್ಲಿ ನಿನ್ ಹಿಂದೆ ಗುಡ್ಡ ಹತ್ತೀನಿ."

ಚೌಡಮ್ಮ ನಡೆದುಕೊಂಡೇ ಮನೆಗೆ ಬಂದಳು. ನಮಗೆಲ್ಲ ಸಂತೋಷವಾಯಿತು. ಗುಂಡಯ್ಯನಿಗೆ ಮಾತ್ರ ಸಂತೋಷದ ಒಳಗೇ ಹೆದರಿಕೆ ಕೂತಿತು. ಹರಕೆ ತಪ್ಪಿದರೆ ಅಮ್ಮ ಕೊಟ್ಟಿದ್ದನ್ನು ವಾಪಸ್ಸು ತೆಗೆದುಕೊಳ್ಳುತ್ತಾಳೆ ಎಂದು ಚೌಡಮ್ಮ ಕೆಮ್ಮಿದರೂ ಬೆಚ್ಚುತ್ತಿದ್ದ. ಸಾರು ಹಾಕುವ ದಿನ ಹತ್ತಿರವಾದಾಗ ನನ್ನನ್ನೂ ಎಳೆದುಕೊಂಡು ನಂಜುಂಡಣ್ಣನ ಮನೆಗೆ ಹೋದ. ಬರಿಗಾಲಲ್ಲೇ ಹೋಗಿದ್ದ.

"ಅಣ್ಣ, ನನ್ನೂ ಸಾರೊಳಗೆ ಸೇರಿಸ್ಕಳಿ. ಹರಕೆ ಹೊತ್ತಿದೀನಿ."

ನಂಜುಂಡಣ್ಣ ಅವನ ಕಾಲು ನೋಡಿ ಗಾಬರಿಯಾದರು. "ಏನ್ ಮಾತಾಡ್ತೀಯೋ? ಬಿಟ್ಟ ಬಸವನ್ನ ತಿರುಗ ನೊಗಕ್ಕೆ ಕಟ್ಟಿದ್ರೆ ಊರಿಗೇ ಕೇಡು."

"ಇನ್ನೊಂದ್ಸಲ ಹೂ ಕೇಳಿ."

"ಒಂದೇ ವಿಷಯಕ್ಕೆ ಅಮ್ಮನ್ನ ಎರಡು ಸಲ ಕೇಳಂಗಿಲ್ಲ. ಅಲ್ಲ ಕಣೋ, ನೀನೂ ನಮ್ಮಂಗಾದ್ರೆ ಒಗ್ಗರಣೆ ಯಾರ್ ಹಾಕ್ತಾರೆ? ಆನೆ ಬಂದ್ರೆ ಯಾರು?"

"ಎಲ್ರಂಗೆ ಇರೋ ಸ್ವಾತಂತ್ರ್ಯನೂ ನಂಗಿಲ್ವೇನಣ್ಣ?"

"ಎಲ್ಲಾ ಸ್ವಾತಂತ್ರ್ಯನೂ ಐತೆ ಕಣಪ್ಪ, ಅದೊಂದ್ ಬಿಟ್ಟು," ಎಂದು ಸಮಾಧಾನ ಹೇಳಿ, ಒಳಗಿನಿಂದ ತಮ್ಮ ಹೊಸ ಗಮ್‌ಬೂಟು ತರಿಸಿದರು. ಬಿಟ್ಟವನು ಬರಿಗಾಲಲ್ಲಿ ಅಮ್ಮನ ಕಣ್ಣಿಗೆ ಬೀಳುವುದು ಒಳ್ಳೆಯದಲ್ಲವಂತೆ. ಗುಡ್ಡ ಹತ್ತುವ ದಿನ ಇದನ್ನೇ ಹಾಕಿಕೊಂಡು ಬರಬೇಕು ಎಂದು ಎದುರಿಗೇ ಹಾಕಿಸಿ ನೋಡಿ, ಸರಿಯಾಗಿದೆ ಎಂದು ಕಳಿಸಿದರು. ನನಗೆ ಉರಿದುಹೋಯಿತು. ಬಾಯಿ ಬಿಟ್ಟೆನೇ? ಇಲ್ಲ. ಸಾರು ಬಿದ್ದ ಮೇಲೆ ನಾನೂ ಪಾತ್ರೆ ಕಳಿಸಬೇಕಿತ್ತಲ್ಲ.

ಊಟದ ಹರಕೆಗೆ ತೊಂದರೆಯಾಗಲಿಲ್ಲ. ಊರಿನ ಪಾತ್ರೆಗಳಿಗೆಲ್ಲ ಒಗ್ಗರಣೆ ಹಾಕಿ, ತನ್ನ ತಟ್ಟೆಗೆ ಸಪ್ಪೆ ಬಡಿಸಿಕೊಂಡು ಉಂಡ. ಯಾರೂ ಗಮನಿಸಲಿಲ್ಲ, ಎಲ್ಲರ ಕಣ್ಣೂ ಅವರವರ ಪಾತ್ರೆಯ ಮೇಲಿತ್ತು. ಆದರೆ ಗುಡ್ಡ ಹತ್ತುವ ದಿನ ಎಲ್ಲರ ಕಣ್ಣೂ ಅವನ ಕಾಲ ಮೇಲೆಯೇ. ಬೂಟು ಹಾಕಿಕೊಂಡು ಬಂದ. ನಂಜುಂಡಣ್ಣನಿಗೆ ನಿರಾಳವಾಯಿತು. ಚೌಡಮ್ಮ ಗುಡ್ಡದ ಬುಡದಲ್ಲಿ ಮರದ ಕೆಳಗೆ ಕೂತು ನೋಡುತ್ತಿದ್ದಳು. ಬಿಸಿಲಿಗೆ ಕಲ್ಲು ಕಾದಿತ್ತು, ನಾವೆಲ್ಲ ಉಸ್ ಉಸ್ ಎನ್ನುತ್ತ ಹೆಜ್ಜೆ ಕಿತ್ತಿಡುತ್ತಿದ್ದೆವು. ನಮಗಿಂತ ಜೋರಾಗಿ ಉಸ್ ಎನ್ನುತ್ತಿದ್ದವನು ಗುಂಡಯ್ಯ.

"ಬೂಟ್ ಹಾಕ್ಕಂಡು ಕುಂಟ್ತೀಯಲ್ಲೋ, ನಾಚ್ಕೆ ಆಗಾಕಿಲ್ವಾ?" ಎಂದು ನಂಜುಂಡಣ್ಣ ಗದರಿದರು. ಜನ ನಕ್ಕರು. ನಾನೂ ನಕ್ಕೆ.

ಇಳಿಯುವಾಗ ಹಳ್ಳದ ಹತ್ತಿರ ದಾರಿ ಕೆಸರು. ಅವನು ನನ್ನ ಮುಂದೆ ಹೋಗುತ್ತಿದ್ದ. ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದ ನನಗೆ ಅವನ ಹೆಜ್ಜೆ ಗುರುತು ಕಂಡಿತು. ಸುತ್ತ ಗಮ್‌ಬೂಟಿನ ಅಂಚು, ನಡುವೆ ಐದು ಬೆರಳು. ನಿಂತು ಇನ್ನೊಂದು ಹೆಜ್ಜೆ ನೋಡಿದೆ. ಅದರಲ್ಲೂ ಐದು ಬೆರಳು, ಜೊತೆಗೆ ಒಂದಿಷ್ಟು ರಕ್ತ. ಉಳಿದವರನ್ನು ಮುಂದೆ ಹೋಗಲು ಬಿಟ್ಟು, ಅವನ ತೋಳು ಹಿಡಿದು ಬಂಡೆಯ ಮರೆಗೆ ಕರೆದುಕೊಂಡು ಹೋಗಿ ಕಾಲೆತ್ತಿಸಿದೆ. ಎರಡೂ ಬೂಟಿನ ಅಟ್ಟೆಯನ್ನು ಕತ್ತಿಯಲ್ಲಿ ಕೊರೆದು ತೆಗೆದಿದ್ದ. ಅಂಗಾಲು ಬೊಬ್ಬೆ ಎದ್ದು ಸೀಳಿಹೋಗಿತ್ತು.

ತಲೆ ಎತ್ತಿ ಅವನ ಮುಖ ನೋಡಿದೆ. ಅವನು ನಗುತ್ತಿದ್ದ. ಎಸ್ಟೇಟಿನ ಕೆಲಸ ಬಿಟ್ಟು ಬಂದ ದಿನ ನಕ್ಕ ಮೇಲೆ ಅವನು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

"ಇಷ್ಟ್ ವರ್ಷದಲ್ಲಿ ಇದೊಂದ್ ಕಣೋ ಬೋರ, ನನ್ನಿಷ್ಟದಂಗೆ ಮಾಡಿದ್ದು," ಎಂದ.

"ನಂಜುಂಡಣ್ಣಂಗೆ ನಾನೇ ಹೇಳ್ತೀನಿ. ಹರಕೆ ಸಂದೋಯ್ತಲ್ಲ, ಇನ್ನೇನ್ ಮಾಡ್ತಾರೆ? ಈ ಕಾಲ್ ನೋಡಿದ್ರೆ ಊರೇ ಕೈ ಮುಗೀತೈತೆ," ಎಂದು ನಾನು ಹೊರಡಲು ತಿರುಗಿದೆ.

ಗುಂಡಯ್ಯನ ನಗು ಹಾರಿಹೋಯಿತು. ನನ್ನ ಎರಡೂ ಕೈ ಹಿಡಿದುಕೊಂಡ.

"ಬ್ಯಾಡ ಮಾರಾಯ, ನಿನ್ ಕಾಲಿಗ್ ಬೀಳ್ತೀನಿ. ಗೊತ್ತಾದ್ರೆ ಮುಂದಿನ್ ವರ್ಷದಿಂದ ಇದನ್ನೂ ಪದ್ಧತಿ ಮಾಡ್ಬುಡ್ತಾರೆ."