ಕ್ಲಚ್ಚಿನ ಮೇಲಿದ್ದ ಕಾಲು

ಪ್ರತಿಯೊಂದು ವಸ್ತುವಿಗೂ ಒಂದು ಆಯುಷ್ಯವಿದೆ. ಅದು ತೀರಿದಾಗ ಗೌರವದಿಂದ ಬೀಳ್ಕೊಡುವುದೇ ನಾಗರಿಕತೆ. ನಮ್ಮ ಮನೆಯಲ್ಲಿ ಈ ತತ್ವವನ್ನು ಛತ್ರಿಯ ವಿಷಯದಲ್ಲೂ ಪಾಲಿಸಿದ್ದಿಲ್ಲ, ಕಾರಿನ ಮಾತು ದೂರವೇ ಉಳಿಯಿತು.

ಎಂಬತ್ತರ ದಶಕದ ಆರಂಭ. ಮನೆ ಹರಿಹರದಲ್ಲಿ, ಅಪ್ಪನ ಜವಳಿ ಅಂಗಡಿ ದಾವಣಗೆರೆಯಲ್ಲಿ. ದಿನಾ ಹೋಗಿ ಬಂದು ನಮ್ಮ ಕಪ್ಪು ಕಾರಿನ ಮೀಟರು ಒಂದು ಸುತ್ತು ಪೂರೈಸಿ, ಸೊನ್ನೆಯಿಂದ ಮತ್ತೆ ಬಾಲ್ಯ ಶುರುಮಾಡಿತ್ತು. ಅಪ್ಪನಿಗೆ ಕಾರೂ ಅಂಗಡಿಯ ಗಾದಿಯಷ್ಟೇ ಪವಿತ್ರ. ಚಪ್ಪಲಿ ಕಳಚಿ ಡಿಕ್ಕಿಯಲ್ಲಿಟ್ಟು, ಬರಿಗಾಲಲ್ಲೇ ಓಡಿಸುತ್ತಿದ್ದರು.

ಆ ವರ್ಷ ದಾರಿಯಲ್ಲಿ ಬಾತಿ ಗ್ರಾಮ ದಾಟುವಾಗಲೆಲ್ಲ ಸುಟ್ಟ ವಾಸನೆ ಬರತೊಡಗಿತು. ಅವ್ವ ಗುಜರಿಗೆ ಹಾಕಿರೆಂದಳು. ಅಪ್ಪನಿಗೆ ಎಪ್ಪತ್ತು ಹತ್ತಿರ. ಹೊಸ ಕಾರು ಕಲಿಯುವ ವಯಸ್ಸಲ್ಲ, ಬಸ್ಸು ಹತ್ತುವ ಜಾಯಮಾನವಲ್ಲ. ಈ ಕಾರು ಹೋದರೆ ಅವರು ಅಂಗಡಿಗೆ ಹೋಗುವುದೂ ನಿಂತಂತೆಯೇ. ಹೈಕೋರ್ಟಿಗೆ ಮೇಲ್ಮನವಿ ಒಯ್ಯುವ ಗಾಂಭೀರ್ಯದಲ್ಲಿ ಅಪ್ಪನೂ ನಾನೂ ಹರಿಹರದ ಮೇಸ್ತ್ರಿಯ ಶೆಡ್ಡಿಗೆ ಹೋದೆವು.

ಇಪ್ಪತ್ತು ವರ್ಷದಿಂದ ಆ ಕಾರನ್ನು ಬಲ್ಲ ಮೇಸ್ತ್ರಿ, ಬಾನೆಟ್ಟಿಗೆ ಕಿವಿಗೊಟ್ಟು ಕೇಳಿ, ಎಂಜಿನ್ನಿಗೆ ಇನ್ನೂ ನಾಲ್ಕೈದು ವರ್ಷ ಭಯವಿಲ್ಲವೆಂದ. ಅಪ್ಪ ಗೆದ್ದವರಂತೆ ನನ್ನತ್ತ ನೋಡಿದರು. ಸುಟ್ಟದ್ದು ಕ್ಲಚ್ ಪ್ಲೇಟು. ಸಾವ್ಕಾರರು ಅದರ ಮೇಲಿಂದ ಕಾಲನ್ನೇ ತೆಗೆಯುವುದಿಲ್ಲವೆಂದು ಚೇಷ್ಟೆ ಮಾಡುತ್ತ ಟಾರ್ಚು ಹಿಡಿದು ಪೆಡಲಿನ ಹತ್ತಿರ ತಲೆ ತೂರಿಸಿದ. ತಲೆ ಬೇಗ ಹೊರಬರಲಿಲ್ಲ.

“ಸಣ್ ಸಾವ್ಕಾರ್ರೇ, ಇಲ್ ಬರ್ರಿ,” ಎಂದ ದನಿ ಇಳಿಸಿ. “ಇದು ಆಯಿಲ್ ಅಲ್ರಿ.”

ಪೆಡಲಿನ ರಬ್ಬರು ಎಂದೋ ಸವೆದು ಬಿದ್ದಿತ್ತು. ಬರೀ ಕಬ್ಬಿಣ, ಅಂಚು ಕುಡುಗೋಲಿನಂತೆ ಹೊಳೆಯುತ್ತಿತ್ತು. ಅದರ ಮೇಲೂ ಕೆಳಗಿನ ಮ್ಯಾಟಿನ ಮೇಲೂ ರಕ್ತ. ಒಂದೆರಡು ಕಡೆ ಇನ್ನೂ ಹಸಿಯಾಗಿತ್ತು.

ಅಪ್ಪ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು. ಮೇಸ್ತ್ರಿ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಅಪ್ಪಣೆ ಕೇಳದೆ ಅವರ ಎಡಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಹೆಬ್ಬೆರಳ ಬುಡದಲ್ಲಿ ನಾಲ್ಕಾಣೆಯಷ್ಟಗಲದ ಗಾಯ, ಸುತ್ತ ಕಪ್ಪು.

“ನೋವಾಗ್ಲಿಲ್ಲೇನ್ರಿ ಸಾವ್ಕಾರ್ರೇ?”

ಅಪ್ಪ ಬಗ್ಗಿ, ಯಾರದೋ ಕಾಲನ್ನು ನೋಡುವಂತೆ ನೋಡಿದರು. “ಯಾವಾಗ ಆತೋ ಇದು?” ಎಂದು ನನ್ನನ್ನೇ ಕೇಳಿದರು.

ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿಯಿಂದ ಪಾದವನ್ನು ಒತ್ತಿದ. ಅಪ್ಪ ಚಹಾ ಹೀರುತ್ತಲೇ ಇದ್ದರು. ಕಾಲಿನ ಅರಿವನ್ನೇ ಅಳಿಸುವ ಸಕ್ಕರೆ ಕಾಯಿಲೆ ಬೇರೆಯವರ ಮನೆಯ ವಿಷಯವೆಂದೇ ನಾವು ಅದುವರೆಗೆ ನಂಬಿದ್ದೆವು. ತಿಂಗಳಿಂದ ಪಕ್ಕದ ಸೀಟಿನಲ್ಲಿ ಕೂತು ಸುಟ್ಟ ವಾಸನೆಯ ಮೇಲೆ ಪ್ರಬಂಧ ಮಂಡಿಸುತ್ತಿದ್ದ ನನಗೆ, ಒಮ್ಮೆ ಕೆಳಗೆ ನೋಡಬೇಕೆಂದು ಹೊಳೆದಿರಲಿಲ್ಲ.

“ಪ್ಲೇಟು ನಾ ಹಾಕ್ತೀನ್ರಿ, ಅದೇನ್ ದೊಡ್ಡದಲ್ಲ,” ಎಂದ ಮೇಸ್ತ್ರಿ. “ಮೊದ್ಲು ಇವರನ್ನ ದಾವಣಗೆರಿ ಆಸ್ಪತ್ರಿಗೆ ಕರ್ಕೊಂಡ್ ಹೋಗ್ರಿ. ಅವರು ಗಾಡಿ ಹೊಡ್ಯೋದು ಬ್ಯಾಡ. ಇವತ್ತಷ್ಟೇ ಅಲ್ಲ.”

ಅಪ್ಪ ಲೋಟವನ್ನು ಬೆಂಚಿನ ಮೇಲಿಟ್ಟು, ಕೀಲಿಕೈಯನ್ನು ಅದರ ಪಕ್ಕದಲ್ಲಿಟ್ಟರು.

ಆಸ್ಪತ್ರೆಯಲ್ಲಿ ಅಪ್ಪನ ಎಡಗಾಲಿನ ಎರಡು ಬೆರಳು ತೆಗೆದರು. ಕಾರನ್ನು ರಿಪೇರಿ ಮಾಡಿಸಿ ಮಲೆಬೆನ್ನೂರಿನ ಅಕ್ಕಿ ವ್ಯಾಪಾರಿಯೊಬ್ಬರಿಗೆ ಮಾರಿದೆವು.